ಹಿರಿಯ ಆಟಗಾರ್ತಿಯರು ಹೋದ ಮೇಲೆ ತಂಡದ ಗತಿಯೇನು?

ಪ್ರಶ್ನೆ: ನಾವು ಹಲವು ವರ್ಷಗಳಿಂದ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೇವೆ. ಕೇಟ್ಲಿನ್ ಕ್ಲಾರ್ಕ್ ಆಡುತ್ತಿದ್ದ ಕಾಲದಲ್ಲಿ ಮಗಳ ಒತ್ತಾಯಕ್ಕೆ ಅಯೋವಾ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ನೋಡತೊಡಗಿ, ಈಗ ಮನೆಮಂದಿಗೆಲ್ಲ ಅದರ ಗೀಳು ಹತ್ತಿದೆ. 2023ರಲ್ಲಿ ಸೌತ್ ಕ್ಯಾರೊಲಿನಾ ತಂಡದ ಮೊದಲ ಐವರೂ, ಅಂದರೆ ಪಂದ್ಯ ಶುರುವಾಗುವಾಗ ಅಂಗಳಕ್ಕಿಳಿಯುವವರು, ಒಟ್ಟಿಗೆ ಹೊರಟುಹೋದರು. ಮರುವರ್ಷ ಆ ತಂಡ ಒಂದೇ ಒಂದು ಪಂದ್ಯವನ್ನೂ ಸೋಲಲಿಲ್ಲ. 2024ರಲ್ಲಿ ನಮ್ಮ ತಂಡದಿಂದ ಕ್ಲಾರ್ಕ್ ಸೇರಿ ನಾಲ್ವರು ಹೋದರು. ಮರುವರ್ಷ ನಾವು ಹನ್ನೊಂದು ಪಂದ್ಯ ಸೋತೆವು. ಹಿರಿಯರು ಹೋದ ತಂಡದ ಮುಂದಿನ ವರ್ಷ ಹೇಗಿದ್ದೀತು ಎಂದು ಮೊದಲೇ ಅಂದಾಜು ಮಾಡಲು ಬರುತ್ತದೆಯೇ? ಅಥವಾ ಇದೆಲ್ಲ ಅದೃಷ್ಟದ ಆಟವೇ?

ಉತ್ತರ: ಅದೃಷ್ಟದ ಪಾಲು ಇದ್ದೇ ಇದೆ, ಅದರ ಮಾತು ಮುಂದೆ ಬರುತ್ತದೆ. ಆದರೆ ನೀವು ಕೊಟ್ಟಿರುವ ಎರಡು ಉದಾಹರಣೆಗಳ ನಡುವಿನ ಅಂತರ ಅದೃಷ್ಟದಿಂದ ಹುಟ್ಟಿದ್ದಲ್ಲ. ಅದರ ಬಹುಪಾಲು ಹಿರಿಯರು ಹೋಗುವುದಕ್ಕೆ ಒಂದು ವರ್ಷ ಮೊದಲೇ ಕಣ್ಣಿಗೆ ಕಾಣುವಂತಿತ್ತು. ನಾವು ನೋಡಲಿಲ್ಲ, ಅಷ್ಟೇ. ಏಕೆಂದರೆ ನಾವೆಲ್ಲ ಹೋದವರು ಗಳಿಸುತ್ತಿದ್ದ ಪಾಯಿಂಟುಗಳನ್ನು ಕೂಡಿಸುತ್ತ ಕುಳಿತಿದ್ದೆವು.

ಆ ಕೂಡಿಕೆ ಸುಳ್ಳಲ್ಲವಾದರೂ ಅದರಿಂದ ತಿಳಿಯುವುದು ಕಡಿಮೆ. ಒಂದು ಕಾಲೇಜು ತಂಡ ಪಂದ್ಯವೊಂದರಲ್ಲಿ ಹೆಚ್ಚುಕಡಿಮೆ 60ರಿಂದ 70 ಬಾರಿ ಬುಟ್ಟಿಯತ್ತ ಚೆಂಡು ಎಸೆಯುತ್ತದೆ. ಯಾರು ಹೋದರೂ ಯಾರು ಬಂದರೂ ಆ ಎಸೆತಗಳು ಅಲ್ಲಿಯೇ ಇರುತ್ತವೆ, ಬೇರೊಬ್ಬಳು ಎಸೆಯುತ್ತಾಳೆ. ಹಿರಿಯಳ ಜೊತೆಗೆ ನಿಜವಾಗಿ ಹೊರಟುಹೋಗುವುದು ಆಕೆ ಮಾಡುತ್ತಿದ್ದ ಕೆಲಸ: ಎದುರಾಳಿಗಳು ಮೈಮೇಲೆ ಬೀಳುವಾಗ ಚೆಂಡನ್ನು ಅರ್ಧಗೆರೆ ದಾಟಿಸುವುದು, ಎದುರು ತಂಡದ ಅತ್ಯುತ್ತಮ ಆಟಗಾರ್ತಿಯ ಬೆನ್ನು ಬಿಡದಿರುವುದು, ಮತ್ತೊಬ್ಬಳಿಗೆ ಸುಲಭದ ಎಸೆತ ಸಿಗುವಂತೆ ಮಾಡುವುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಆ ಕೆಲಸವನ್ನು ಉಳಿದವರಲ್ಲಿ ಯಾರಾದರೂ ಬಿಸಿ ಏರಿದ ಪಂದ್ಯದಲ್ಲಿ ಈಗಾಗಲೇ ಮಾಡಿ ನೋಡಿದ್ದಾರೆಯೇ ಎಂಬುದು.

ಮಹಿಳೆಯರ ಆಟದಲ್ಲಿ ಈ ಪ್ರಶ್ನೆ ಪುರುಷರ ಆಟಕ್ಕಿಂತ ಹೆಚ್ಚು ತೂಕದ್ದು. ಪುರುಷರಲ್ಲಿ ಒಳ್ಳೆಯ ಹುಡುಗರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ವೃತ್ತಿಪರ ಲೀಗ್ ಎನ್‌ಬಿಎಗೆ ಹೋಗಿಬಿಡುತ್ತಾರೆ. ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳು ವರ್ಷಕ್ಕೊಮ್ಮೆ ಹೊಸಬರನ್ನು ಆರಿಸಿಕೊಳ್ಳುವ ಆಯ್ಕೆಗೆ ಅಮೆರಿಕದ ಕಾಲೇಜು ಆಟಗಾರ್ತಿ ಆ ವರ್ಷ 22 ತುಂಬುವವಳಾಗಿರಬೇಕು, ಇಲ್ಲವೇ ಓದು ಮುಗಿಸಿರಬೇಕು. ಹಾಗಾಗಿ ಪ್ರತಿಭಾವಂತೆಯರು ಸಾಮಾನ್ಯವಾಗಿ ನಾಲ್ಕು ವರ್ಷ ಒಂದೆಡೆ ಬೇರೂರುತ್ತಾರೆ, ತಂಡ ಅವರ ಸುತ್ತಲೇ ಬೆಳೆಯುತ್ತದೆ, ಹೋಗುವಾಗ ಬೇರು ಸಮೇತ ಹೋಗುತ್ತಾರೆ. ಇದರ ಮೇಲೆ ಕೋವಿಡ್ ಕಾಲದ 2020-21ರ ಋತುವನ್ನು ಲೆಕ್ಕಕ್ಕೆ ಹಿಡಿಯದೆ ಎಲ್ಲರಿಗೂ ಒಂದು ಹೆಚ್ಚುವರಿ ವರ್ಷ ಕೊಡಲಾಯಿತು. ಅಯೋವಾದ ಕೇಟ್ ಮಾರ್ಟಿನ್, ಮೊದಲ ವರ್ಷ ಗಾಯದಿಂದ ಹೊರಗುಳಿದದ್ದೂ ಸೇರಿ, ಆರು ವರ್ಷ ಅದೇ ತಂಡದಲ್ಲಿದ್ದಳು. ಅನುಭವ ಹೀಗೆ ಒಂದೆಡೆ ಗಟ್ಟಿಯಾಗುತ್ತಿದ್ದಾಗ ಇನ್ನೊಂದೆಡೆ ಕಿರಿಯರು ಬೆಂಚಿನಲ್ಲಿ ಕುಳಿತೇ ಇದ್ದರು. ಈ ಎರಡನೆಯ ಪರಿಣಾಮವನ್ನು ಆಗ ಹೆಚ್ಚು ಜನ ಗಮನಿಸಿದಂತೆ ಕಾಣಲಿಲ್ಲ.

ಈಗ ಸೌತ್ ಕ್ಯಾರೊಲಿನಾ ತಂಡವನ್ನು ತೆಗೆದುಕೊಳ್ಳೋಣ. 2022-23ರಲ್ಲಿ ಅದು ಸತತ 36 ಪಂದ್ಯ ಗೆದ್ದು, ಡಲ್ಲಾಸ್‌ನಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ನಿಮ್ಮ ಅಯೋವಾ ಎದುರು 77-73ರಿಂದ ಸೋತಿತು. ಕ್ಲಾರ್ಕ್ ಆ ರಾತ್ರಿ 41 ಪಾಯಿಂಟ್ ಗಳಿಸಿದ್ದಳು. ಅದಾದ ಮೇಲೆ ಅಲಿಯಾ ಬೋಸ್ಟನ್, ಜಿಯಾ ಕುಕ್, ಬ್ರಿಯಾ ಬೀಲ್, ವಿಕ್ಟೇರಿಯಾ ಸ್ಯಾಕ್ಸ್ಟನ್, ಕಿಯೆರಾ ಫ್ಲೆಚರ್, ಅಂದರೆ ಮೊದಲ ಐವರೂ ಹೋದರು. ಬೆಂಚಿನ ಲೆಟಿಷಿಯಾ ಅಮಿಹೆರೆ ಕೂಡ ಹೋದಳು. ಆ ವರ್ಷದ ಡಬ್ಲ್ಯುಎನ್‌ಬಿಎ ಆಯ್ಕೆಯಲ್ಲಿ ಈ ಒಂದೇ ತಂಡದಿಂದ ಐದು ಹೆಸರುಗಳು ಬಂದವು, ಬೋಸ್ಟನ್ ಮೊದಲನೆಯವಳು. ಮುಂದಿನ ಋತುವಿನ ಆರಂಭದ ಶ್ರೇಯಾಂಕದಲ್ಲಿ ಪತ್ರಕರ್ತರು ತಂಡವನ್ನು ಆರನೆಯ ಸ್ಥಾನಕ್ಕೆ ಇಳಿಸಿದರು. ಹೋದವರನ್ನು ಮಾತ್ರ ನೋಡಿದರೆ ಆರನೆಯ ಸ್ಥಾನವೂ ಉದಾರವಾಗಿಯೇ ಕಾಣುತ್ತಿತ್ತು.

ಆದರೆ ಬೆಂಚನ್ನು ನೋಡಿದ್ದರೆ? ಬ್ರೆಜಿಲ್‌ನಿಂದ ಬಂದ, ಆರಡಿ ಏಳಂಗುಲ ಎತ್ತರದ ಕಮಿಲಾ ಕಾರ್ಡೋಸೊ ಆ ವರ್ಷವೆಲ್ಲ ಬೋಸ್ಟನ್‌ಳ ಹಿಂದೆ ಎರಡನೆಯವಳಾಗಿ ಆಡಿ, ಬೆಂಚಿನಿಂದ ಬರುವವರಲ್ಲಿ ಅತ್ಯುತ್ತಮಳೆಂದು ಆಗ್ನೇಯ ಕಾಲೇಜುಗಳ ಲೀಗಿನ ಪ್ರಶಸ್ತಿ ಪಡೆದಿದ್ದಳು. ರೇವನ್ ಜಾನ್ಸನ್, ಬ್ರೀ ಹಾಲ್, ಆಶ್ಲಿನ್ ವಾಟ್ಕಿನ್ಸ್ ಎಲ್ಲರೂ ಆ 36 ಗೆಲುವುಗಳಲ್ಲಿ ಬೆವರು ಸುರಿಸಿದವರು. ಕೋಚ್ ಡಾನ್ ಸ್ಟೇಲಿ ಗೆಲ್ಲುತ್ತಿದ್ದ ವರ್ಷದಲ್ಲೇ ಮುಂದಿನ ವರ್ಷದ ತಂಡವನ್ನು ಅಂಗಳಕ್ಕೆ ಇಳಿಸುತ್ತಿದ್ದರು. ದೊಡ್ಡ ತಂಡಗಳ ಕೋಚ್‌ಗಳಲ್ಲಿ ಹತ್ತು ಜನರನ್ನು ಆಡಿಸುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಏಳು ಜನರಲ್ಲೇ ಋತು ಮುಗಿಸುವವರು ಅನೇಕರಿದ್ದಾರೆ.

ರೇವನ್ ಜಾನ್ಸನ್‌ಳ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2023ರ ಆ ಸೆಮಿಫೈನಲ್‌ನಲ್ಲಿ ಮೂರು ಪಾಯಿಂಟ್ ಗೆರೆಯ ಹೊರಗೆ ಆಕೆ ಚೆಂಡು ಹಿಡಿದು ನಿಂತಾಗ, ತಡೆಯಬೇಕಿದ್ದ ಕ್ಲಾರ್ಕ್ ಹತ್ತಿರವೂ ಹೋಗದೆ, "ಎಸೆದರೆ ಎಸೆಯಲಿ" ಎನ್ನುವಂತೆ ಕೈಬೀಸಿ ಬುಟ್ಟಿಯ ಕಡೆಗೇ ಉಳಿದಳು. ದೂರದ ಎಸೆತ ಬಾರದವಳನ್ನು ಹೀಗೆ ಬಿಟ್ಟು, ಒಳಗಿನ ಎತ್ತರದವರ ಮೇಲೆ ಗುಂಪುಗೂಡುವುದು ಅಯೋವಾದ ಉಪಾಯವಾಗಿತ್ತು. ಆ ದೃಶ್ಯ ದೇಶವೆಲ್ಲ ಸುತ್ತಿತು. ಮುಂದಿನ ಋತುವನ್ನು ಜಾನ್ಸನ್ ಸೇಡಿನ ಪ್ರವಾಸವೆಂದೇ ಕರೆದುಕೊಂಡು, ತನ್ನ ಎಸೆತವನ್ನು ತಿದ್ದಿಕೊಂಡಳು. ಬಿಸಿ ಏರಿದ ಪಂದ್ಯದಲ್ಲಿ ಮಾಡಿ ನೋಡಿರಬೇಕು ಎಂದೆನಲ್ಲ, ಅದರ ಅರ್ಥ ಗೆದ್ದಿರಬೇಕು ಎಂದಲ್ಲ. ಅಲ್ಲಿ ನಿಂತು ಅವಮಾನಪಟ್ಟಿದ್ದರೂ ಅದು ಅನುಭವವೇ. ಅಭ್ಯಾಸದ ಅಂಗಳದಲ್ಲಿ ಯಾರೂ ಹಾಗೆ ಕೈಬೀಸುವುದಿಲ್ಲ.

ಇದರ ಜೊತೆಗೆ ಸ್ಟೇಲಿ ಒಂದು ಕೊರತೆಯನ್ನು ಮಾತ್ರ ಹೊರಗಿನಿಂದ ತುಂಬಿಸಿಕೊಂಡರು. ತಂಡಕ್ಕೆ ದೂರದಿಂದ ಎಸೆಯುವವರು ಬೇಕಿತ್ತು. ಒರೆಗಾನ್‌ನಿಂದ ತೆಹಿನಾ ಪೌಪೌ ಬಂದಳು, ಹೊಸ ವಿದ್ಯಾರ್ಥಿನಿಯರಾಗಿ ಮಿಲೇಶಿಯಾ ಫುಲ್‌ವೈಲಿ ಮತ್ತು ಟೆಸ್ಸಾ ಜಾನ್ಸನ್ ಬಂದರು. ಹೀಗೆ ಹಿರಿಯರು ಹೋದದ್ದರಿಂದ ತಂಡದ ಆಕಾರವೇ ಬದಲಾಯಿತು. ಮೊದಲಿನದು ಎತ್ತರ ಮತ್ತು ತಡೆಯಾಟದ ತಂಡ, ಎರಡನೆಯದು ಓಡುವ ಮತ್ತು ದೂರದಿಂದ ಹೊಡೆಯುವ ತಂಡ. 2024ರ ಏಪ್ರಿಲ್ 7ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಫೈನಲ್ ನಿಮಗೆ ನೆನಪಿದ್ದೇ ಇರುತ್ತದೆ, ಕಹಿಯಾದ ನೆನಪು. ಕ್ಲಾರ್ಕ್ ಮೊದಲ ಕಾಲುಭಾಗದಲ್ಲೇ 18 ಪಾಯಿಂಟ್ ಹೊಡೆದಳು. ಮಧ್ಯಂತರದ ಹೊತ್ತಿಗೆ ಅದೇ ರೇವನ್ ಜಾನ್ಸನ್ ಆಕೆಯ ಕೈಯಿಂದ ಚೆಂಡು ಕಸಿದು ಓಡಿ ಬುಟ್ಟಿಗೆ ಹಾಕಿದಳು. ಪಂದ್ಯ 87-75ಕ್ಕೆ ಮುಗಿದು ಸೌತ್ ಕ್ಯಾರೊಲಿನಾ 38-0 ಆಯಿತು. ಆ ಪಂದ್ಯದ ಒಂದು ಅಂಕಿ ಮಾತ್ರ ನನ್ನ ತಲೆಯಲ್ಲಿ ಉಳಿದಿದೆ. ಸೌತ್ ಕ್ಯಾರೊಲಿನಾದ ಬೆಂಚು 37 ಪಾಯಿಂಟ್ ಗಳಿಸಿತು, ಅಯೋವಾದ ಬೆಂಚು ಸೊನ್ನೆ.

ಆ ಸೊನ್ನೆಯಲ್ಲಿ ಅಯೋವಾದ ಮರುವರ್ಷದ ಭವಿಷ್ಯ ಬರೆದಿತ್ತು. ತಂಡ 34 ಗೆದ್ದು 5 ಸೋತು ದೇಶದ ಎರಡನೆಯ ಸ್ಥಾನಕ್ಕೆ ಬಂದಿತ್ತು ನಿಜ, ಆದರೆ ಆ ಭಾರವನ್ನು ಹೊತ್ತದ್ದು ಬೆರಳೆಣಿಕೆಯ ಜನ. ಕ್ಲಾರ್ಕ್, ಮಾರ್ಟಿನ್, ಗ್ಯಾಬಿ ಮಾರ್ಷಲ್, ಮಾಲಿ ಡೇವಿಸ್ ಹೋದ ಮೇಲೆ, ಫೈನಲ್‌ನ ಮೊದಲ ಐವರಲ್ಲಿ ಉಳಿದವರು ಹ್ಯಾನ್ನಾ ಸ್ಟಲ್ಕಿ ಮತ್ತು ಸಿಡ್ನಿ ಅಫೋಲ್ಟರ್ ಇಬ್ಬರೇ. ಅಫೋಲ್ಟರ್ ಕೂಡ ಆ ಐವರಲ್ಲಿ ಇದ್ದದ್ದು ಮಾರ್ಚ್ ತಿಂಗಳಲ್ಲಿ ಡೇವಿಸ್‌ಗೆ ಗಾಯವಾಗಿ ಜಾಗ ತೆರವಾದದ್ದರಿಂದ. ಆ ಗಾಯ ಆಗದಿದ್ದರೆ ಮರುವರ್ಷ ಅಯೋವಾಕ್ಕೆ ಇನ್ನೂ ಕಷ್ಟವಾಗುತ್ತಿತ್ತೆಂದು ನನ್ನ ಎಣಿಕೆ. ಹೇಳಲು ಕ್ರೂರವಾದರೂ ಲೆಕ್ಕ ಹಾಗಿದೆ. ಇದು ಸಾಲದೆಂಬಂತೆ 24 ಋತುಗಳ ಕಾಲ ಕೋಚ್ ಆಗಿದ್ದ ಲೀಸಾ ಬ್ಲೂಡರ್ 2024ರ ಮೇ ತಿಂಗಳಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಜ್ಯಾನ್ ಜೆನ್ಸನ್ ಅಷ್ಟೂ ವರ್ಷ ಅವರ ಸಹಾಯಕರಾಗಿದ್ದವರು ಎಂಬುದೊಂದೇ ಸಮಾಧಾನ.

ಕ್ಲಾರ್ಕ್‌ಳ ಸರಾಸರಿ 31.6 ಪಾಯಿಂಟ್ ಹೋಯಿತೆಂದು ಎಲ್ಲರೂ ಬರೆದರು. ಅದಕ್ಕಿಂತ ಆಕೆಯ ಸರಾಸರಿ 8.9 ಅಸಿಸ್ಟ್, ಅಂದರೆ ಜೊತೆಗಾರ್ತಿ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್‌ಗಳು, ಹೋದದ್ದು ದೊಡ್ಡ ನಷ್ಟ ಎನ್ನುತ್ತೇನೆ. 2024ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿರುದ್ಧ ಸ್ಟಲ್ಕಿ 47 ಪಾಯಿಂಟ್ ಗಳಿಸಿದ ಪಂದ್ಯವನ್ನು ನೀವು ನೋಡಿದ್ದರೆ, ಆಕೆ ಬುಟ್ಟಿಯ ಕೆಳಗೆ ಓಡಿ ತಲುಪುವ ಹೊತ್ತಿಗೆ ಚೆಂಡು ಅಲ್ಲಿಗೆ ಬಂದು ಕಾಯುತ್ತಿದ್ದುದನ್ನೂ ನೋಡಿರುತ್ತೀರಿ. ಎದುರಾಳಿಗಳ ಇಬ್ಬರು ಕ್ಲಾರ್ಕ್ ಹಿಂದೆ ಅರ್ಧ ಅಂಗಳದವರೆಗೆ ಬಂದರೆ ಉಳಿದ ನಾಲ್ವರಿಗೆ ಮೂವರೇ ಎದುರು. ಆ ಜಾಗ ಕ್ಲಾರ್ಕ್ ಜೊತೆಗೇ ಹೋಯಿತು. ಸ್ಟಲ್ಕಿ ಅದೇ ಆಟಗಾರ್ತಿ, ಮರುವರ್ಷ ಅಂಥ ಇನ್ನೊಂದು ರಾತ್ರಿ ಬರಲಿಲ್ಲ. ಹೋದವಳ ಬೆಲೆ ಕೆಲವೊಮ್ಮೆ ಉಳಿದವರ ಅಂಕಿಗಳಲ್ಲಿ ಅಡಗಿರುತ್ತದೆ.

ಇನ್ನು ಮಾರ್ಷಲ್. ಆಕೆಯ ಪಾಯಿಂಟುಗಳನ್ನು ನೋಡಿ ಯಾರೂ ಕಣ್ಣೀರು ಹಾಕಲಿಲ್ಲ. ಆದರೆ ಕನೆಕ್ಟಿಕಟ್ ವಿರುದ್ಧದ 2024ರ ಸೆಮಿಫೈನಲ್ ಕೊನೆಯ ನಾಲ್ಕು ಸೆಕೆಂಡುಗಳಲ್ಲಿ, ಒಂದೇ ಪಾಯಿಂಟಿನ ಅಂತರವಿದ್ದಾಗ, ದಾರಿಗೆ ಅಡ್ಡ ನಿಂತ ಎದುರಾಳಿಯ ತಡೆಗೆ (ಸ್ಕ್ರೀನ್) ಮಾರ್ಷಲ್ ಡಿಕ್ಕಿಯಾದಾಗ, ಅಡ್ಡ ನಿಂತವಳ ಮೇಲೆ ರೆಫರಿ ಫೌಲ್ ಕೊಟ್ಟರು, ಚೆಂಡು ಅಯೋವಾಕ್ಕೆ ಬಂತು, 71-69ರಲ್ಲಿ ಪಂದ್ಯ ಮುಗಿಯಿತು. ಆ ಫೌಲ್ ಸರಿಯೇ ತಪ್ಪೇ ಎಂಬ ಜಗಳ ಇನ್ನೂ ನಡೆಯುತ್ತಿದೆ. ನನಗೆ ಮುಖ್ಯವಾದದ್ದು ಬೇರೆ: ಎದುರಾಳಿಯ ಅತ್ಯಂತ ಅಪಾಯಕಾರಿ ಎಸೆತಗಾರ್ತಿಯನ್ನು ಕೊನೆಯ ಕ್ಷಣದಲ್ಲಿ ಕಾಯುವ ಕೆಲಸ ಆಕೆಗೆ ಒಪ್ಪಿಸಲಾಗಿತ್ತು, ಸ್ಕ್ರೀನ್‌ಗೆ ಡಿಕ್ಕಿಯಾದರೂ ಸರಿ ಎಂದು ಆಕೆ ಬೆನ್ನು ಬಿಡಲಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಿಂದೆ ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಹುಡುಗಿಯರ ತಂಡವನ್ನು ನೋಡಿಕೊಳ್ಳುತ್ತಿದ್ದೆ. ಅಂತಿಮ ಪದವಿಯ ಮೂವರು ಹೋದರು. ಇಬ್ಬರು ಪಾಯಿಂಟ್ ಗಳಿಸುವವರು. ಅವರ ಬದಲಿಗೆ ಇಬ್ಬರನ್ನು ಬೇಸಿಗೆಯೆಲ್ಲ ತಯಾರು ಮಾಡಿದೆ. ಮೂರನೆಯವಳು ಇಡೀ ಟೂರ್ನಿಯಲ್ಲಿ ಹತ್ತು ಪಾಯಿಂಟ್ ಗಳಿಸಿದರೆ ಹೆಚ್ಚು, ಅವಳ ಬಗ್ಗೆ ಯೋಚಿಸಲೇ ಇಲ್ಲ. ಮರುವರ್ಷದ ಮೊದಲ ಪಂದ್ಯದಲ್ಲಿ ಗೆರೆಯ ಹೊರಗಿನಿಂದ ಚೆಂಡು ಒಳಗೆ ಹಾಕಲು ನಿಂತ ಹುಡುಗಿ ಯಾರಿಗೆ ಕೊಡಲಿ ಎಂದು ತಡವರಿಸುತ್ತ ಐದು ಸೆಕೆಂಡು ಮೀರಿಸಿದಳು, ಚೆಂಡು ಎದುರಾಳಿಗೆ ಹೋಯಿತು. ಇನ್ನೊಮ್ಮೆ ಹಾಗೇ ಆಯಿತು. ಮತ್ತೊಮ್ಮೆ ಆದಾಗ ನನಗೆ ಹೊಳೆಯಿತು, ಎರಡು ವರ್ಷ ಆ ಕೆಲಸವನ್ನು ಆ ಮೂರನೆಯವಳೊಬ್ಬಳೇ ಮಾಡುತ್ತಿದ್ದಳು. ಚೆಂಡನ್ನು ಕಿವಿಯ ಪಕ್ಕ ಹಿಡಿದು, ಎದುರಾಳಿಯ ತೋಳು ಏಳುವುದನ್ನೇ ಕಾದು, ಅದರ ಕೆಳಗಿನಿಂದ ನೆಲಕ್ಕೆ ಪುಟಿಸಿ ಕೊಡುತ್ತಿದ್ದಳು. ಅಭ್ಯಾಸದಲ್ಲಿ ಇನ್ನೊಬ್ಬರಿಗೆ ಅದನ್ನು ನಾನು ಕಲಿಸಿಯೇ ಇರಲಿಲ್ಲ.

ಹೊರಗಿನಿಂದ ಪ್ರತಿಭೆ ತಂದುಬಿಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಅದಕ್ಕೆ ಲೂಸಿಯಾನಾದ ಎಲ್‌ಎಸ್‌ಯು ತಂಡದ ಕಥೆ ಇದೆ. 2023ರ ಫೈನಲ್‌ನಲ್ಲಿ ಅಯೋವಾವನ್ನು 102-85ರಿಂದ ಸೋಲಿಸಿದ ಆ ತಂಡದಿಂದ ಆಟ ನಡೆಸುತ್ತಿದ್ದ ಪಾಯಿಂಟ್ ಗಾರ್ಡ್ ಅಲೆಕ್ಸಿಸ್ ಮಾರಿಸ್ ಸೇರಿ ಕೆಲವು ಹಿರಿಯರು ಹೋದರು. ಬದಲಿಗೆ ಲೂಯಿವಿಲ್‌ನಿಂದ ಹೇಲಿ ವ್ಯಾನ್ ಲಿತ್, ಡಿಪಾಲ್‌ನಿಂದ ಅನೀಸಾ ಮಾರೋ ಬಂದರು. ಋತುವಿನ ಆರಂಭಕ್ಕೆ ತಂಡ ದೇಶದಲ್ಲೇ ಮೊದಲನೆಯದೆಂದು ಎಣಿಸಲ್ಪಟ್ಟಿತು. ವ್ಯಾನ್ ಲಿತ್ ಲೂಯಿವಿಲ್‌ನಲ್ಲಿ ಸರಾಸರಿ 19.7 ಪಾಯಿಂಟ್ ಗಳಿಸುತ್ತಿದ್ದವಳು, ಎಸೆಯುವ ಗಾರ್ಡ್. ಇಲ್ಲಿ ಆಕೆಗೆ ಆಟ ನಡೆಸುವ ಕೆಲಸ ಕೊಟ್ಟರು, ಸರಾಸರಿ 11.6ಕ್ಕೆ ಇಳಿಯಿತು. 2023ರ ನವೆಂಬರ್ 6ರಂದು ಮೊದಲ ಪಂದ್ಯದಲ್ಲೇ ಕೊಲೊರಾಡೊ ಎದುರು 92-78ರಿಂದ ಎಲ್‌ಎಸ್‌ಯು ಸೋತಿತು. ಅದೇ ದಿನ ಪ್ಯಾರಿಸ್‌ನಲ್ಲಿ ಐವರನ್ನು ಕಳೆದುಕೊಂಡ ಸೌತ್ ಕ್ಯಾರೊಲಿನಾ ನೋಟರ್ ಡೇಮ್ ತಂಡವನ್ನು 100-71ರಿಂದ ಮಣಿಸಿತು. ಎಲ್‌ಎಸ್‌ಯು ಆ ವರ್ಷ 31 ಪಂದ್ಯ ಗೆದ್ದಿತು, ಹಾಗಾಗಿ ಸೋತ ತಂಡ ಎನ್ನಲಾಗದು. ಆದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟು ತಂಡಗಳ ಘಟ್ಟದಲ್ಲಿ ಅಯೋವಾ ಎದುರು ನಿಂತಾಗ ಕ್ಲಾರ್ಕ್‌ಳನ್ನು ತಡೆಯುವ ಕೆಲಸವೂ ವ್ಯಾನ್ ಲಿತ್ ಹೆಗಲಿಗೆ ಬಂತು, ಕ್ಲಾರ್ಕ್ 41 ಪಾಯಿಂಟ್ ಗಳಿಸಿದಳು. ಹೆಸರು ದೊಡ್ಡದೇ ಇತ್ತು. ಖಾಲಿ ಬಿದ್ದ ಕೆಲಸ ಬೇರೆಯದಿತ್ತು.

ಈ ಅಳತೆಯಿಂದ ನೋಡಿದರೆ ಅಯೋವಾ 2024-25ರಲ್ಲಿ ಮಾಡಿದ ಆಯ್ಕೆ ಜಾಣತನದ್ದು. ವಿಲನೋವಾದಿಂದ ತಂದ ಲೂಸಿ ಓಲ್ಸನ್ ಚೆಂಡನ್ನು ಕೈಯಲ್ಲಿಟ್ಟುಕೊಂಡೇ ಸರಾಸರಿ 23.3 ಪಾಯಿಂಟ್ ಗಳಿಸಿದ್ದವಳು, ಅಂದರೆ ಖಾಲಿಯಾದ ಕೆಲಸವನ್ನೇ ಬೇರೆಡೆ ಮಾಡುತ್ತಿದ್ದವಳು. ಉಳಿದವರಿಗೆ ಮಾತ್ರ ಬಿಗಿಯಾದ ಪಂದ್ಯದ ಕೊನೆಯ ನಿಮಿಷಗಳು ಹೊಸವು. ಜನವರಿಯಲ್ಲಿ ಸಾಲಾಗಿ ಐದು ಸೋಲು ಬಂದಾಗ ಅದು ಗೋಚರವಾಯಿತು. ಹೆಚ್ಚಿನವು ಕಡಿಮೆ ಅಂತರದವು, ಒರೆಗಾನ್ ಎದುರಿನದು ಒಂದೇ ಪಾಯಿಂಟಿನದು. ಫೆಬ್ರವರಿ 2ರಂದು, ಕ್ಲಾರ್ಕ್‌ಳ 22ನೇ ಸಂಖ್ಯೆಯ ಅಂಗಿಯನ್ನು ಚಾವಣಿಗೆ ಏರಿಸಿದ ದಿನ, ಅದೇ ತಂಡ ದೇಶದ ನಾಲ್ಕನೆಯ ಸ್ಥಾನದಲ್ಲಿದ್ದ ಯುಎಸ್‌ಸಿಯನ್ನು 76-69ರಿಂದ ಸೋಲಿಸಿತು, ಓಲ್ಸನ್ 28 ಗಳಿಸಿದಳು. ರಾಷ್ಟ್ರೀಯ ಟೂರ್ನಿಯ ಎರಡನೆಯ ಸುತ್ತಿನಲ್ಲಿ ಓಕ್ಲಹೋಮ ಎದುರು 96-62ರ ಸೋಲಿನೊಂದಿಗೆ ಋತು ಮುಗಿಯಿತು. 23 ಗೆಲುವು, 11 ಸೋಲು. ನಿಮಗೆ ಇದು ಕುಸಿತದಂತೆ ಕಾಣಬಹುದು. ಕೋಚ್ ಸಮೇತ ಅಷ್ಟೆಲ್ಲ ಕಳೆದುಕೊಂಡ ತಂಡಕ್ಕೆ ಇದು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಇತ್ತು.

ಅದೃಷ್ಟದ ಮಾತಿಗೆ ಬರುತ್ತೇನೆ. ಸೌತ್ ಕ್ಯಾರೊಲಿನಾದ 38-0 ಒಂದು ಎಸೆತದಿಂದ 37-1 ಆಗುವುದರಲ್ಲಿತ್ತು. 2024ರ ಮಾರ್ಚ್‌ನಲ್ಲಿ ತಮ್ಮ ಲೀಗಿನ ಸೆಮಿಫೈನಲ್‌ನಲ್ಲಿ ಟೆನೆಸಿ ಎರಡು ಪಾಯಿಂಟ್ ಮುಂದಿದ್ದಾಗ, ಕಾಲೇಜಿನ ಆಟದಲ್ಲಿ ಅದುವರೆಗೆ ಒಂದೂ ಮೂರು ಪಾಯಿಂಟ್ ಹೊಡೆಯದ ಕಾರ್ಡೋಸೊ ಕೊನೆಯ ಸೆಕೆಂಡಿನಲ್ಲಿ ದೂರದಿಂದ ಎಸೆದಳು, ಚೆಂಡು ಫಲಕಕ್ಕೆ ಬಡಿದು ಒಳಗೆ ಬಿತ್ತು, 74-73. ಇದನ್ನು ಯಾವ ಲೆಕ್ಕವೂ ಹೇಳಲಾರದು. ಇದರ ತದ್ವಿರುದ್ಧ ಉದಾಹರಣೆಯೂ ಇದೆ. 2016ರಲ್ಲಿ ಬ್ರಿಯಾನಾ ಸ್ಟೀವರ್ಟ್ ಮತ್ತು ಇನ್ನಿಬ್ಬರು ಹೋದ ಮೇಲೆ, ಆ ವರ್ಷದ ಆಯ್ಕೆಯ ಮೊದಲ ಮೂರೂ ಸ್ಥಾನಗಳು ಆ ಮೂವರದೇ ಆಗಿದ್ದವು, ಕನೆಕ್ಟಿಕಟ್ ಮರುವರ್ಷ 36 ಪಂದ್ಯ ಗೆದ್ದು ಸತತ ಗೆಲುವನ್ನು 111ಕ್ಕೆ ಒಯ್ದಿತು. ಆಮೇಲೆ ಸೆಮಿಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಮಿಸಿಸಿಪಿ ಸ್ಟೇಟ್‌ನ ಐದಡಿ ಐದಂಗುಲದ ಮಾರ್ಗನ್ ವಿಲಿಯಂ ಗಂಟೆ ಹೊಡೆಯುವಾಗ ಎಸೆದ ಚೆಂಡು ಒಳಗೆ ಹೋಗಿ 66-64ಕ್ಕೆ ಸೋತಿತು. ಉಳಿದ ಹುಡುಗಿಯರು ಕಡಿಮೆಯವರಲ್ಲ. ಆದರೆ ಅಷ್ಟು ಬಿಗಿಯಾದ ಹೊತ್ತಿನಲ್ಲಿ ಚೆಂಡನ್ನು ತಮ್ಮ ಕೈಗೆ ಕೇಳಿ ಪಡೆಯುತ್ತಿದ್ದವರು ಆಗಲೇ ಹೋಗಿದ್ದರು.

ಒಂದು ಎಚ್ಚರಿಕೆ. 2021ರಿಂದ ಒಂದು ಬಾರಿ, 2024ರಿಂದ ಎಷ್ಟು ಬಾರಿಯಾದರೂ, ವರ್ಷ ಕಾಯದೆ ಕಾಲೇಜು ಬದಲಿಸಲು ಅನುಮತಿ ಇದೆ. 2025ರಿಂದ ಕಾಲೇಜುಗಳು ಆಟಗಾರ್ತಿಯರಿಗೆ ನೇರವಾಗಿ ಹಣವನ್ನೂ ಕೊಡಬಹುದು. ಹಾಗಾಗಿ ಹಿರಿಯರ ಹಿಂದೆ ಬೆಂಚಿನಲ್ಲಿ ತಯಾರಾಗುತ್ತಿದ್ದವಳು ತನ್ನ ಸರದಿ ಬರುವ ಮೊದಲೇ ಬೇರೆಡೆಗೆ ಹೋಗಬಹುದು. 2025ರಲ್ಲಿ ಫುಲ್‌ವೈಲಿ ಸೌತ್ ಕ್ಯಾರೊಲಿನಾ ಬಿಟ್ಟು ಅದರ ಬದ್ಧ ಎದುರಾಳಿ ಎಲ್‌ಎಸ್‌ಯು ಸೇರಿದಳು. ಏಪ್ರಿಲ್‌ನ ಪಟ್ಟಿ ನೋಡಿ ಯಾರಾದರೂ ಭವಿಷ್ಯ ಹೇಳಿದರೆ ಕೇಳಿಸಿಕೊಳ್ಳಿ, ಬರೆದಿಟ್ಟುಕೊಳ್ಳಬೇಡಿ.

ಅಕ್ಟೋಬರ್ ಹೊತ್ತಿಗೆ ಪಟ್ಟಿ ಸ್ಥಿರವಾದ ಮೇಲೆ, ಹಿಂದಿನ ವರ್ಷ ಐದಾರು ಪಾಯಿಂಟುಗಳ ಒಳಗೆ ಮುಗಿದ ಪಂದ್ಯಗಳ ವಿವರ ತೆಗೆದು, ಉಳಿದವರಲ್ಲಿ ಯಾರು ಆ ಪಂದ್ಯಗಳ ಕೊನೆಯ ಕಾಲುಭಾಗದಲ್ಲಿ ಅಂಗಳದಲ್ಲಿದ್ದರೆಂದು ನೋಡಿ. ಮೂವರಿಗಿಂತ ಹೆಚ್ಚಿದ್ದರೆ ನಾನು ಆ ತಂಡದ ಬಗ್ಗೆ ನಿಶ್ಚಿಂತನಾಗಿರುತ್ತೇನೆ. ಒಬ್ಬಳೇ ಇದ್ದರೆ, ಹೊಸದಾಗಿ ಬಂದವರ ಹೆಸರು ಎಷ್ಟೇ ದೊಡ್ಡದಿರಲಿ, ಜನವರಿಯವರೆಗೆ ತೀರ್ಪು ಕೊಡುವುದಿಲ್ಲ. ನವೆಂಬರ್‌ನಲ್ಲಿ ಅಯೋವಾದ ಕಾರ್ವರ್-ಹಾಕೈ ಅಂಗಳಕ್ಕೆ ಹೋದಾಗ ಮಗಳ ಕೈಗೆ ಒಂದು ಪುಸ್ತಕ ಕೊಡಿ. ಎದುರಾಳಿ ಪೂರ್ಣ ಅಂಗಳ ಒತ್ತಡ ಹಾಕಿದಾಗ ಚೆಂಡು ತರುವವಳು ಯಾರು, ಆಕೆಗೆ ಎರಡು ಫೌಲ್ ಆಗಿ ಕೂರಿಸಿದ ಮೇಲೆ ತರುವವಳು ಯಾರು, ಗೆರೆಯ ಹೊರಗಿನಿಂದ ಚೆಂಡು ಹಾಕುವವಳು ಯಾರು ಎಂದು ಅವಳು ಗುರುತು ಹಾಕಿಕೊಳ್ಳಲಿ. ಪಾಯಿಂಟುಗಳನ್ನು ಬರೆಯುವುದು ಬೇಡ, ಅವು ಮೇಲಿನ ಫಲಕದಲ್ಲಿ ಕಾಣುತ್ತವೆ.